ತಲೆಯಲ್ಲಿ ಇಳಿದು ಕುತ್ತಿಗೆಯಲ್ಲಿ ನಿಲ್ಲುವ ಕೌಲ್: ನೂಲಿಗೆ ತಕ್ಕ ಲೆಕ್ಕ, ಹಂತ ಹಂತವಾಗಿ

ಕೌಲ್ ಅಂದರೆ ತುದಿಗಳಿಲ್ಲದ ಸ್ಕಾರ್ಫ್. ತೋಳಿಲ್ಲ, ಗುಂಡಿಯಿಲ್ಲ, ಜೋಡಿಸಿ ಹೊಲಿಯುವ ಕೆಲಸವಿಲ್ಲ, ಸುತ್ತ ಸುತ್ತ ಹೆಣೆದು ಮುಗಿಸಿದರಾಯಿತು. ಆದರೂ ದೂರುಗಳು ಮಾತ್ರ ಅವವೇ: ತಲೆಯಲ್ಲಿ ಇಳಿಯುತ್ತಿಲ್ಲ, ಇಳಿದರೆ ಎದೆಯ ಮೇಲೆ ಜೋತುಬೀಳುತ್ತದೆ, ಚುಚ್ಚುತ್ತದೆ, ಒಗೆದ ಮೇಲೆ ಬೇರೆಯದೇ ಅಳತೆಗೆ ಬಂತು. ಇವುಗಳಲ್ಲಿ ಬಹುಪಾಲು ತಪ್ಪು ಮೊದಲ ಸುತ್ತಿಗೂ ಮುಂಚೆ, ನೂಲು ಆರಿಸುವಾಗ ಮತ್ತು ಕುಣಿಕೆ ಲೆಕ್ಕ ಹಾಕುವಾಗ ಆಗಿರುತ್ತದೆ. ಆದ್ದರಿಂದ ಈ ಬರಹದಲ್ಲಿಯೂ ಹೆಣೆಯುವುದಕ್ಕಿಂತ ಮುಂಚಿನ ಕೆಲಸಕ್ಕೇ ಹೆಚ್ಚು ಜಾಗ. ನಿಟ್, ಪರ್ಲ್ ಎಂಬ ಎರಡು ಮೂಲ ಹೆಣಿಗೆಗಳೂ ನಿಮಗೆ ಬರುತ್ತವೆ ಎಂದುಕೊಂಡು ಶುರು ಮಾಡುತ್ತೇನೆ.

ಎದುರಿಗೆ ಇರಬೇಕಾದ ಸಾಮಾನು

ನೂಲು, 40 ಸೆಂಮೀ ಉದ್ದದ ಸರ್ಕ್ಯುಲರ್ ಕಡ್ಡಿ (ಬಾಗುವ ತಂತಿಯಿಂದ ಜೋಡಿಸಿದ ಎರಡು ಕಡ್ಡಿತುದಿ), ಅದಕ್ಕಿಂತ ಒಂದು ಅಳತೆ ದಪ್ಪದ್ದು ಮತ್ತು ಒಂದು ಅಳತೆ ಸಣ್ಣದ್ದು, ಸುತ್ತಿನ ಆರಂಭ ಗುರುತಿಸಲು ಒಂದು ಮಾರ್ಕರ್, ಟೇಪು, ಮೊಂಡು ಮೊನೆಯ ದಬ್ಬಣ, ಗ್ರಾಂ ಲೆಕ್ಕದ ತೂಕದ ಯಂತ್ರ, ನಯವಾದ ಬೇರೆ ಬಣ್ಣದ ಒಂದೆರಡು ಮೀಟರ್ ದಾರ. ಮಾರ್ಕರ್ ಇಲ್ಲದಿದ್ದರೆ ದಾರದ ಚಿಕ್ಕ ಉಂಗುರ ಸಾಕು.

ಕಡ್ಡಿಯ ಉದ್ದದಲ್ಲಿ ರಾಜಿ ಬೇಡ. 58 ಸೆಂಮೀ ಸುತ್ತಳತೆಯ ಕೌಲ್ ಅನ್ನು 60 ಸೆಂಮೀ ಕಡ್ಡಿಯಲ್ಲಿ ಹೆಣೆಯಲು ಹೋದರೆ ಕುಣಿಕೆಗಳು ಎಳೆದುಕೊಂಡು ಪ್ರತಿ ಸುತ್ತೂ ಒದ್ದಾಟವಾಗುತ್ತದೆ. ಕಡ್ಡಿ ಯಾವಾಗಲೂ ಕೌಲ್‌ನ ಸುತ್ತಳತೆಗಿಂತ ಚಿಕ್ಕದಿರಬೇಕು. 80 ಅಥವಾ 100 ಸೆಂಮೀ ಕಡ್ಡಿ ಮಾತ್ರ ಇದ್ದರೆ ಹೆಚ್ಚುವರಿ ತಂತಿಯನ್ನು ಕುಣಿಕೆಗಳ ನಡುವಿನಿಂದ ಹೊರಗೆಳೆದುಕೊಳ್ಳುವ ಮ್ಯಾಜಿಕ್ ಲೂಪ್ ವಿಧಾನದಲ್ಲಿ ಹೆಣೆಯಬಹುದು. ಎರಡು ಸುತ್ತು ಸುತ್ತಿಕೊಳ್ಳುವ ಉದ್ದ ಕೌಲ್‌ಗೆ ಅದೇ ಸರಿಯಾದ ಕಡ್ಡಿ.

ಹಂತ 1: ತಲೆ ಮತ್ತು ಕುತ್ತಿಗೆ ಎರಡನ್ನೂ ಅಳೆಯಿರಿ

ಹೆಚ್ಚಿನವರು ಕುತ್ತಿಗೆಯನ್ನಷ್ಟೇ ಅಳೆಯುತ್ತಾರೆ. ಆದರೆ ಕೌಲ್ ಕುತ್ತಿಗೆ ತಲುಪಬೇಕಾದರೆ ತಲೆ ದಾಟಬೇಕು. ದೊಡ್ಡವರ ತಲೆಯ ಸುತ್ತಳತೆ ಸಾಮಾನ್ಯವಾಗಿ 54ರಿಂದ 58 ಸೆಂಮೀ, ಕುತ್ತಿಗೆಯದು 33ರಿಂದ 40 ಸೆಂಮೀ. ನಡುವೆ ಹತ್ತಿರಹತ್ತಿರ 20 ಸೆಂಮೀ ವ್ಯತ್ಯಾಸ. ತಲೆಯಷ್ಟು ಅಗಲಿಸಿ ಮತ್ತೆ ಕುತ್ತಿಗೆಗೆ ಕುಗ್ಗುವ ಶಕ್ತಿ ನಿಮ್ಮ ನೂಲಿಗಿದೆಯೇ ಎಂಬುದೇ ಇಲ್ಲಿ ಮುಖ್ಯ ಪ್ರಶ್ನೆ. ಮುಂದಿನ ಎಲ್ಲ ನಿರ್ಧಾರವೂ ಈ ಪ್ರಶ್ನೆಗೆ ಸಿಗುವ ಉತ್ತರದ ಮೇಲೆ ನಿಂತಿದೆ.

ಕುಗ್ಗುವ ನೂಲು, ರಿಬ್ ಹೆಣಿಗೆ (ನಿಟ್, ಪರ್ಲ್ ಸರದಿಯಲ್ಲಿ ಬಂದು ಉದ್ದ ಗೆರೆಗಳಾಗುವುದು) ಎರಡೂ ಇದ್ದರೆ ತಲೆಯ ಅಳತೆಗಿಂತ 4ರಿಂದ 6 ಸೆಂಮೀ ಕಡಿಮೆ ಇಟ್ಟುಕೊಳ್ಳಬಹುದು. ಕುಗ್ಗದ ನೂಲಾದರೆ ತಲೆಯ ಅಳತೆಗಿಂತ 2ರಿಂದ 4 ಸೆಂಮೀ ಹೆಚ್ಚು ಬೇಕು. ಎತ್ತರಕ್ಕೆ ಗದ್ದದಿಂದ ಕೊರಳ ಮೂಳೆಯವರೆಗೆ ಅಳೆದು, ಅದನ್ನು ಎರಡರಿಂದ ಗುಣಿಸಿ. ಬಹಳಷ್ಟು ಮಂದಿಗೆ 20ರಿಂದ 25 ಸೆಂಮೀ ಬರುತ್ತದೆ. ಆ ಹೆಚ್ಚುವರಿ ಎತ್ತರವೇ ಮಡಿಕೆಯಾಗಿ ಕುಳಿತು ಗಾಳಿ ತಡೆಯುವುದು. 15 ಸೆಂಮೀಗಿಂತ ಗಿಡ್ಡ ಮಾಡಿದರೆ ಕೆಳಗೆ ಜಾರಿ ನಿಲ್ಲುತ್ತದೆ, ಕುತ್ತಿಗೆ ಬರಿದಾಗಿಯೇ ಉಳಿಯುತ್ತದೆ.

ಹಂತ 2: ನೂಲಿನ ಸ್ವಭಾವ ನೋಡಿ ಆರಿಸಿ

ಒಂದೇ ದಪ್ಪದ ಎರಡು ನೂಲು ಒಂದೇ ರೀತಿ ವರ್ತಿಸುವುದಿಲ್ಲ. ಮಾದರಿಯಲ್ಲಿ ಬರೆದಿರುವ ಉಲ್ಲನ್ ಬದಲು ಅದೇ ದಪ್ಪದ ಹತ್ತಿ ಹಾಕಿ, ಅದೇ ಕುಣಿಕೆ ಎಣಿಕೆ ಇಟ್ಟು, ಕೊನೆಗೆ ಮಾದರಿಯನ್ನು ಬೈಯುವವರೇ ಜಾಸ್ತಿ.

*ಸಾದಾ ಉಲ್ಲನ್, ಮೆರಿನೋ.* ಎಳೆದರೆ ಹಿಗ್ಗಿ, ಬಿಟ್ಟರೆ ಹಿಂದಕ್ಕೆ ಬರುತ್ತದೆ. ಮೊದಲ ಕೌಲ್‌ಗೆ ಇದಕ್ಕಿಂತ ಒಳ್ಳೆಯದಿಲ್ಲ. ಚುಚ್ಚುವುದಕ್ಕೆ ಕಾರಣ ಎಳೆಯ ದಪ್ಪ: ಸುಮಾರು 30 ಮೈಕ್ರಾನ್‌ಗಿಂತ ದಪ್ಪ ಎಳೆಗಳ ತುದಿಗಳು ಚರ್ಮಕ್ಕೆ ಬಾಗದೆ ಒತ್ತುತ್ತವೆ. ಮೆರಿನೋ ಎಳೆ ಸಾಮಾನ್ಯವಾಗಿ 24 ಮೈಕ್ರಾನ್ ಒಳಗೇ ಇರುವುದರಿಂದ ಕುತ್ತಿಗೆಗೆ ಹಿತ.

*ಸೂಪರ್‌ವಾಶ್ ಉಲ್ಲನ್.* ಯಂತ್ರದಲ್ಲಿ ಒಗೆದರೂ ಗಂಟುಕಟ್ಟದಂತೆ ಎಳೆಯ ಮೇಲಿನ ಪೊರೆಗಳನ್ನು ನುಣುಪಾಗಿಸಿರುತ್ತಾರೆ. ಮುಟ್ಟಲು ಮೃದು, ಬಣ್ಣವೂ ಚೆಂದ. ಆದರೆ ಎಳೆಗಳು ಒಂದರ ಮೇಲೊಂದು ಜಾರುವುದರಿಂದ ನೀರು ಬಿದ್ದೊಡನೆ ಹಿಗ್ಗುತ್ತದೆ. ಒಗೆಯುವ ಮುಂಚೆ ಸರಿಯಾಗಿದ್ದ ಕೌಲ್ ಆಮೇಲೆ ಜೋತುಬಿತ್ತು ಎನ್ನುವವರ ಕೈಯಲ್ಲಿ ಹೆಚ್ಚಾಗಿ ಇದೇ ಇರುತ್ತದೆ. ಒಂದು ಅಳತೆ ಸಣ್ಣ ಕಡ್ಡಿ ಹಿಡಿಯಿರಿ.

*ಹತ್ತಿ.* ಹಿಗ್ಗಿದರೆ ಹಿಗ್ಗಿದ್ದೇ, ಹಿಂದಕ್ಕೆ ಬರುವ ಗುಣ ಇಲ್ಲವೆನ್ನುವಷ್ಟು ಕಡಿಮೆ. ತೂಕವೂ ಜಾಸ್ತಿ, ಆ ತೂಕಕ್ಕೇ ಕೆಳಗೆ ಎಳೆದುಕೊಳ್ಳುತ್ತದೆ. ಹತ್ತಿಯಲ್ಲಿ ರಿಬ್ ಹಾಕಿದರೆ ಕುತ್ತಿಗೆಗೆ ಅಂಟಿ ನಿಲ್ಲುತ್ತದೆಂದು ನಂಬಬೇಡಿ, ನಾಲ್ಕು ಸಲ ಹಾಕಿ ತೆಗೆದ ಮೇಲೆ ಅದು ಬರೀ ಗೆರೆಗಳ ಅಲಂಕಾರ. ತೆಳು ಅಥವಾ ಮಧ್ಯಮ ದಪ್ಪದ ನೂಲು, ಸೀಡ್ ಸ್ಟಿಚ್‌ನಂಥ ಗಟ್ಟಿ ಹೆಣಿಗೆ (ನಿಟ್ ಮೇಲೆ ಪರ್ಲ್, ಪರ್ಲ್ ಮೇಲೆ ನಿಟ್ ಬರುವುದು), 18–20 ಸೆಂಮೀ ಎತ್ತರ: ಹತ್ತಿಗೆ ಇದು ಒಪ್ಪುತ್ತದೆ. ಉಲ್ಲನ್ ಚರ್ಮಕ್ಕೆ ಆಗದವರಿಗೆ ಇದು ಬಹಳ ಒಳ್ಳೆಯ ಆಯ್ಕೆ, ಆದರೆ ಬೇರೆಯೇ ಲೆಕ್ಕದಲ್ಲಿ ಹೆಣೆಯಬೇಕು.

*ಅಲ್ಪಾಕ.* ಬಹಳ ಬೆಚ್ಚಗೆ, ಬಹಳ ಮೃದು, ಆದರೆ ಆಕಾರ ನೆನಪಿಟ್ಟುಕೊಳ್ಳುವುದಿಲ್ಲ. ದಿನ ಕಳೆದಂತೆ ಉದ್ದಕ್ಕೆ ಬೆಳೆಯುತ್ತದೆ. ಉಲ್ಲನ್ ಬೆರೆಸಿದ ಅಲ್ಪಾಕ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ.

*ಅಕ್ರಿಲಿಕ್.* ಹಗುರ, ಅಗ್ಗ, ಒಗೆಯಲು ಸುಲಭ. ನೀರಿನಲ್ಲಿ ನೆನೆಸಿ ಹರಡಿದರೆ ಆಕಾರ ಬದಲಾಗುವುದಿಲ್ಲ, ಹಾಗಾಗಿ ಹೆಣೆಯುವಾಗ ಬಂದ ಅಳತೆಯೇ ಕಟ್ಟಕಡೆಯ ಅಳತೆ ಅಂದುಕೊಳ್ಳಿ. ಬೆವರು ಹೀರುವುದಿಲ್ಲ ಎಂಬುದು ಇದರ ಕೊರತೆ.

*ಮೊಹೇರ್, ರೇಷ್ಮೆ, ಬಿದಿರು.* ರೇಷ್ಮೆ ಮತ್ತು ಬಿದಿರಿನ ನೂಲು ಜಾರುತ್ತವೆ, ತೂಗುತ್ತವೆ. ಮೊಹೇರ್ ಬಿಚ್ಚುವುದು ಶಿಕ್ಷೆ. ತೆಳು ಮೊಹೇರ್ ಎಳೆಯನ್ನು ತೆಳು ಉಲ್ಲನ್ ಜೊತೆ ಸೇರಿಸಿ ಹೆಣೆದರೆ ಆಕಾರವೂ ನಿಲ್ಲುತ್ತದೆ, ಮೋಡದಂಥ ಮೃದುತ್ವವೂ ಬರುತ್ತದೆ.

ಕೊಳ್ಳುವಾಗ ಎಲ್ಲ ಉಂಡೆಗಳ ಡೈ ಲಾಟ್ ಸಂಖ್ಯೆ (ಒಟ್ಟಿಗೆ ಬಣ್ಣ ಹಾಕಿದ ಕಂತಿನ ಸಂಖ್ಯೆ) ಒಂದೇ ಇದೆಯೇ ನೋಡಿ. ಬೇರೆ ಲಾಟ್ ಆದರೆ ಬಣ್ಣದ ಗೆರೆ ಎದ್ದು ಕಾಣುತ್ತದೆ, ಆಮೇಲೆ ಮಾಡುವುದೇನೂ ಇಲ್ಲ.

ಹಂತ 3: ಸ್ವಾಚ್ ಹೆಣೆಯಿರಿ, ಒಗೆಯಿರಿ, ಆಮೇಲೆ ಅಳೆಯಿರಿ

ಸ್ವಾಚ್ ಅಂದರೆ ಅಳತೆ ನೋಡಲು ಮೊದಲೇ ಹೆಣೆಯುವ ಸಣ್ಣ ತುಂಡು. ಅದನ್ನು ಬಿಟ್ಟುಬಿಡುವವರಿಗೆ ಒಂದು ಲೆಕ್ಕ. 10 ಸೆಂಮೀಗೆ 22 ಕುಣಿಕೆ ಎಂದುಕೊಂಡು 128 ಕುಣಿಕೆ ಹಾಕಿದಿರಿ, 58 ಸೆಂಮೀ ಬರಬೇಕು. ನಿಮ್ಮ ಕೈ ಸ್ವಲ್ಪ ಸಡಿಲವಾಗಿದ್ದು 20 ಕುಣಿಕೆ ಬಂದರೆ ಅದೇ ಕೌಲ್ 64 ಸೆಂಮೀ. ಎರಡೇ ಕುಣಿಕೆಯ ವ್ಯತ್ಯಾಸಕ್ಕೆ 6 ಸೆಂಮೀ ಹೆಚ್ಚಾಯಿತು, ಕೌಲ್ ಜೋತುಬಿತ್ತು.

15 ಸೆಂಮೀ ಅಗಲ, 15 ಸೆಂಮೀ ಎತ್ತರದ ತುಂಡು ಹೆಣೆಯಿರಿ. ಕೌಲ್‌ಗೆ ಹಾಕುವ ಹೆಣಿಗೆಯನ್ನೇ ಹಾಕಿ. ರಿಬ್ ಕೌಲ್‌ಗೆ ಸಾದಾ ಹೆಣಿಗೆಯ (ಎದುರುಬದಿ ಪೂರ್ತಿ ನಿಟ್ ಕಾಣುವ) ಸ್ವಾಚ್ ಪ್ರಯೋಜನವಿಲ್ಲ. ಇನ್ನೊಂದು ಸೂಕ್ಷ್ಮ: ಸುತ್ತ ಹೆಣೆಯುವಾಗ ಸಾದಾ ಹೆಣಿಗೆಯಲ್ಲಿ ಪರ್ಲ್ ಸಾಲು ಬರುವುದೇ ಇಲ್ಲ. ಹಿಂದೆ ಮುಂದೆ ಹೆಣೆಯುವಾಗ ಬರುತ್ತದೆ, ಮತ್ತು ಬಹಳಷ್ಟು ಮಂದಿಯ ಪರ್ಲ್ ನಿಟ್‌ಗಿಂತ ಸಡಿಲ. ಅದಕ್ಕೆ ಪ್ರತಿ ಸಾಲಿನ ಕೊನೆಯಲ್ಲಿ ತುಂಡನ್ನು ತಿರುಗಿಸದೆ, ಕಡ್ಡಿಯ ಇನ್ನೊಂದು ತುದಿಗೆ ಜಾರಿಸಿ, ನೂಲನ್ನು ಹಿಂಬದಿಯಿಂದ ಸಡಿಲವಾಗಿ ತಂದು ಮತ್ತೆ ನಿಟ್ ಸಾಲೇ ಹೆಣೆಯಿರಿ. ಹಿಂಬದಿ ಅಸಹ್ಯವಾಗಿ ಕಂಡರೆ ಕಾಣಲಿ.

ಮುಗಿದ ತುಂಡನ್ನು ಕೌಲ್ ಹೇಗೆ ಒಗೆಯುತ್ತೀರೋ ಹಾಗೆಯೇ ಒಗೆದು, ಮಟ್ಟಸವಾಗಿ ಹರಡಿ, ಪೂರ್ತಿ ಒಣಗಲು ಬಿಡಿ. ಅಲ್ಪಾಕ ಅಥವಾ ಸೂಪರ್‌ವಾಶ್ ಆದರೆ ಒಣಗಿದ ಮೇಲೆ ಒಂದು ರಾತ್ರಿ ಕ್ಲಿಪ್ ಹಾಕಿ ನೇತುಹಾಕಿ, ಎಷ್ಟು ಇಳಿಯುತ್ತದೆ ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಅಂಚುಗಳನ್ನು ಬಿಟ್ಟು ನಡುವಿನ 10 ಸೆಂಮೀಯಲ್ಲಿ ಕುಣಿಕೆ ಎಣಿಸಿ. ಅರ್ಧ ಕುಣಿಕೆಯನ್ನೂ ಲೆಕ್ಕಕ್ಕೆ ಹಿಡಿಯಿರಿ.

ಇದೇ ತುಂಡಿನಿಂದ ಇನ್ನೆರಡು ಕೆಲಸ ತೆಗೆಯಬಹುದು. ಒಂದು, ಚುಚ್ಚುವ ಪರೀಕ್ಷೆ. ಕೈಬೆರಳಲ್ಲಿ ಮುಟ್ಟಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಗದ್ದದ ಕೆಳಗೆ, ಕುತ್ತಿಗೆಗೆ ತಾಗುವಂತೆ ಕಾಲು ಗಂಟೆ ಇಟ್ಟುಕೊಳ್ಳಿ. ಕೆರೆತ ಬಂದರೆ ಆ ನೂಲು ಟೋಪಿಗೋ ಕೈಚೀಲಕ್ಕೋ ಹೋಗಲಿ.

ಎರಡು, ನೂಲು ಎಷ್ಟು ಬೇಕೆಂಬ ಲೆಕ್ಕ. ತುಂಡನ್ನು ತೂಗಿ. 15 × 15 ಅಂದರೆ 225 ಚದರ ಸೆಂಮೀ ತುಂಡು 9 ಗ್ರಾಂ ತೂಗಿತು ಎಂದಿಟ್ಟುಕೊಳ್ಳಿ. 58 ಸೆಂಮೀ ಸುತ್ತಳತೆ, 25 ಸೆಂಮೀ ಎತ್ತರದ ಕೌಲ್ 1450 ಚದರ ಸೆಂಮೀ. 1450ನ್ನು 225ರಿಂದ ಭಾಗಿಸಿ 9ರಿಂದ ಗುಣಿಸಿದರೆ 58 ಗ್ರಾಂ. ಅಂಚುಗಳಿಗೆಂದು ಹತ್ತರಲ್ಲೊಂದು ಪಾಲು ಸೇರಿಸಿ 65 ಗ್ರಾಂ ಇಟ್ಟುಕೊಂಡರೆ ನಡುವೆ ನೂಲು ಮುಗಿಯುವ ಭಯವಿಲ್ಲ.

ಹಂತ 4: ಕುಣಿಕೆಗಳ ಲೆಕ್ಕ

10 ಸೆಂಮೀಗೆ ಬಂದ ಕುಣಿಕೆಗಳನ್ನು 10ರಿಂದ ಭಾಗಿಸಿ, ಬೇಕಾದ ಸುತ್ತಳತೆಯಿಂದ ಗುಣಿಸಿ. ಬಂದ ಸಂಖ್ಯೆಯನ್ನು ಹೆಣಿಗೆಗೆ ಹೊಂದುವ ಹತ್ತಿರದ ಸಂಖ್ಯೆಗೆ ತನ್ನಿ. ಎರಡು ನಿಟ್ ಎರಡು ಪರ್ಲ್ ರಿಬ್‌ಗೆ 4ರಿಂದ ಭಾಗವಾಗಬೇಕು. ಒಂದು ನಿಟ್ ಒಂದು ಪರ್ಲ್‌ಗೆ ಸಮಸಂಖ್ಯೆ. ಸುತ್ತ ಹೆಣೆಯುವ ಸೀಡ್ ಸ್ಟಿಚ್‌ಗೆ ಬೆಸಸಂಖ್ಯೆ ಇಟ್ಟರೆ ಸುತ್ತಿನ ಕೊನೆಯಲ್ಲಿ ಏನೂ ಯೋಚಿಸದೆ ಮುಂದುವರಿಯಬಹುದು.

58 ಸೆಂಮೀ ಸುತ್ತಳತೆಗೆ ಮೂರು ಉದಾಹರಣೆ. ತೆಳು ನೂಲು, 3 ಮಿಮೀ ಕಡ್ಡಿ, 10 ಸೆಂಮೀಗೆ 28 ಕುಣಿಕೆ: 162.4 ಬರುತ್ತದೆ, 164 ಹಾಕಿ. ಡಿಕೆ ದಪ್ಪದ (ತೆಳುವಿಗೂ ದಪ್ಪಕ್ಕೂ ನಡುವಿನ) ನೂಲು, 4 ಮಿಮೀ ಕಡ್ಡಿ, 22 ಕುಣಿಕೆ: 127.6, ಅಂದರೆ 128. ದಪ್ಪ ನೂಲು, 7 ಮಿಮೀ ಕಡ್ಡಿ, 13 ಕುಣಿಕೆ: 75.4, ಅಂದರೆ 76. ಇವು ಲೆಕ್ಕ ತೋರಿಸಲು ಕೊಟ್ಟ ಸಂಖ್ಯೆಗಳು. ನಿಮ್ಮ ಸ್ವಾಚ್ ಹೇಳಿದ್ದನ್ನೇ ಕೇಳಿ.

ರಿಬ್ ಸ್ವಾಚನ್ನು ಅಳೆಯುವಾಗ ಪೂರ್ತಿ ಕುಗ್ಗಿದ ಸ್ಥಿತಿಯಲ್ಲೂ ಬೇಡ, ಪೂರ್ತಿ ಎಳೆದೂ ಬೇಡ. ಪರ್ಲ್ ಗೆರೆಗಳು ತುಸು ಕಾಣುವಷ್ಟು ಹಿಗ್ಗಿಸಿ ಅಳೆಯಿರಿ. ಜಡೆಯಂತೆ ಹೆಣೆದುಕೊಳ್ಳುವ ಕೇಬಲ್ ವಿನ್ಯಾಸವೂ ಅಗಲವನ್ನು ಒಳಗೆಳೆಯುತ್ತದೆ. ಸಾದಾ ಹೆಣಿಗೆಯ ಲೆಕ್ಕದಲ್ಲಿ ಕೇಬಲ್ ಕೌಲ್ ಹೆಣೆದರೆ ಅದು ತಲೆಯಲ್ಲಿ ಇಳಿಯುವುದಿಲ್ಲ.

ಹಂತ 5: ಸಡಿಲವಾದ ಕಾಸ್ಟ್ ಆನ್

ಕಾಸ್ಟ್ ಆನ್ ಅಂದರೆ ಮೊದಲ ಕುಣಿಕೆಗಳನ್ನು ಕಡ್ಡಿಗೆ ಹಾಕುವುದು. ಅದಕ್ಕೆ ನೂಲಿನ ಉದ್ದ ಬಾಲ ಬಿಟ್ಟುಕೊಂಡು ಹಾಕುವ ಲಾಂಗ್ ಟೇಲ್ ವಿಧಾನ ಸಾಕು. ಬಾಲಕ್ಕೆ ಬೇಕಾದ ನೂಲು ಸುತ್ತಳತೆಯ ಮೂರರಷ್ಟು, ಜೊತೆಗೆ 20 ಸೆಂಮೀ. 58 ಸೆಂಮೀ ಕೌಲ್‌ಗೆ ಹತ್ತಿರಹತ್ತಿರ ಎರಡು ಮೀಟರ್. ನೂರ ಇಪ್ಪತ್ತನೆಯ ಕುಣಿಕೆಯಲ್ಲಿ ಬಾಲ ಮುಗಿದರೆ ಎಲ್ಲ ಬಿಚ್ಚಬೇಕಾಗುತ್ತದೆ, ಸ್ವಲ್ಪ ಧಾರಾಳವಾಗಿಯೇ ಬಿಡಿ.

ಅಂಚು ಬಿಗಿಯಾಗದಿರಲು ದಪ್ಪ ಕಡ್ಡಿ ಬಳಸಿ ಎಂಬ ಸಲಹೆ ಎಲ್ಲೆಡೆ ಇದೆ. ಅದರಿಂದ ಕುಣಿಕೆ ದೊಡ್ಡದಾಗುತ್ತದೆ, ಆದರೆ ಅಂಚಿನ ಬಿಗಿ ಇರುವುದು ಎರಡು ಕುಣಿಕೆಗಳ ನಡುವಿನ ನೂಲಿನಲ್ಲಿ. ಪ್ರತಿ ಕುಣಿಕೆಯ ನಡುವೆ ಒಂದು ಕಡ್ಡಿಯ ದಪ್ಪದಷ್ಟು ಅಂತರ ಬಿಡುವುದನ್ನು ರೂಢಿ ಮಾಡಿಕೊಳ್ಳಿ. ಹತ್ತು ಹತ್ತು ಕುಣಿಕೆಗೆ ಒಂದು ದಾರದ ಗುರುತು ಹಾಕಿದರೆ ಮತ್ತೆ ಮತ್ತೆ ಎಣಿಸುವುದು ತಪ್ಪುತ್ತದೆ.

ಹಂತ 6: ತಿರುಚದಂತೆ ಜೋಡಿಸಿ

ಕಡ್ಡಿಯನ್ನು ಮೇಜಿನ ಮೇಲಿಡಿ. ಕಾಸ್ಟ್ ಆನ್ ಅಂಚಿನ ಗಂಟುಗಳೆಲ್ಲ ಸುತ್ತಲೂ ಒಳಮುಖವಾಗಿ ಇರಬೇಕು. ಒಂದು ಕಡೆಯಾದರೂ ಕಡ್ಡಿಯ ತಂತಿಯನ್ನು ಸುತ್ತಿಕೊಂಡಿದ್ದರೆ ಕೌಲ್ ತಿರುಚಿಕೊಳ್ಳುತ್ತದೆ. ಮಾತನಾಡುತ್ತಾ, ಟಿವಿ ನೋಡುತ್ತಾ ಮಾಡುವ ಕೆಲಸ ಇದಲ್ಲ.

ಜೋಡಣೆಯಲ್ಲಿ ಬಿರುಕು ಕಾಣದಿರಲು ಲೆಕ್ಕಕ್ಕಿಂತ ಒಂದು ಕುಣಿಕೆ ಹೆಚ್ಚು ಹಾಕಿ. ಕೊನೆಯ ಕುಣಿಕೆಯನ್ನು ಎಡಗಡ್ಡಿಗೆ ವರ್ಗಾಯಿಸಿ ಮೊದಲ ಕುಣಿಕೆಯ ಜೊತೆ ಸೇರಿಸಿ ಹೆಣೆಯಿರಿ, ಮಾರ್ಕರ್ ಹಾಕಿ.

ಮೊದಲ ಸುತ್ತು ಮುಗಿದೊಡನೆ ಇನ್ನೊಮ್ಮೆ ನೋಡಿ. ಆಗ ತಿರುಚು ಕಂಡರೆ ಜೋಡಣೆಯ ಜಾಗದಲ್ಲಿ ಎರಡು ಕುಣಿಕೆಗಳ ನಡುವಿನ ನೂಲಿನ ಮೇಲೆ ಬಿಚ್ಚಿ ತಿರುಗಿಸಿಬಿಡಬಹುದು. ಅಲ್ಲಿ ಸಣ್ಣ ತಿರುವು ಉಳಿಯುತ್ತದೆ, ಬಾಲ ಸೇರಿಸುವಾಗ ಮುಚ್ಚಿಹೋಗುತ್ತದೆ. ಎರಡು ಮೂರು ಸುತ್ತಿನ ಮೇಲೆ ಈ ದಾರಿ ಇಲ್ಲ.

ಹೊಸಬರ ಇನ್ನೊಂದು ಗೊಂದಲ: ಹೆಣೆಯುವ ಕಡ್ಡಿತುದಿಗಳು ನಿಮ್ಮ ಕಡೆಗಿರಬೇಕು, ಹೆಣೆದ ಭಾಗ ಆಚೆಗೆ. ತುದಿಗಳು ಆಚೆ ಹೋಗಿದ್ದರೆ ಕೌಲ್ ಒಳಹೊರಗಾಗಿದೆ ಎಂದರ್ಥ, ಮಗುಚಿಕೊಂಡು ಮುಂದುವರಿಯಿರಿ.

ಹಂತ 7: ಮೈ ಹೆಣೆಯುವುದು

ಸಾದಾ ಹೆಣಿಗೆಯ ಅಂಚು ಸುರುಳಿಯಾಗಿಯೇ ಆಗುತ್ತದೆ. ಒಗೆದು ಪಿನ್ ಹಾಕಿದರೂ ಹೋಗುವುದಿಲ್ಲ, ಅದು ಹೆಣಿಗೆಯ ಗುಣ. ಆದ್ದರಿಂದ ಮೊದಲ ಐದಾರು ಸುತ್ತು ಮತ್ತು ಕೊನೆಯ ಐದಾರು ಸುತ್ತು ರಿಬ್ ಅಥವಾ ಸೀಡ್ ಸ್ಟಿಚ್ ಹಾಕಿ.

5 ಸೆಂಮೀ ಆದ ಮೇಲೆ ನಿಲ್ಲಿಸಿ. ಎಲ್ಲ ಕುಣಿಕೆಗಳನ್ನು ದಬ್ಬಣದಿಂದ ಬೇರೆ ದಾರಕ್ಕೆ ವರ್ಗಾಯಿಸಿ, ತಲೆಯ ಮೇಲೆ ಇಳಿಸಿ ನೋಡಿ. ಈ ಹಂತ ಬೇಸರದ್ದು, ಆದರೆ ಇಲ್ಲಿ ಬಿಚ್ಚಿದರೆ ಒಂದು ಸಂಜೆ ಹೋಗುತ್ತದೆ, ಕೊನೆಯಲ್ಲಿ ಬಿಚ್ಚಿದರೆ ಇಡೀ ಕೌಲ್. ಕಿವಿಯ ಹತ್ತಿರ ಅಂಚು ಬಿಳಿಚಿ ಎಳೆದುಕೊಂಡರೆ ಕಾಸ್ಟ್ ಆನ್ ಬಿಗಿ. ಕೈ ಬಿಟ್ಟೊಡನೆ ಭುಜಕ್ಕೆ ಬಿದ್ದರೆ ಕುಣಿಕೆ ಹೆಚ್ಚು.

ಕುತ್ತಿಗೆಗೆ ಚೆನ್ನಾಗಿ ಕೂರಬೇಕೆಂದರೆ ಕುಣಿಕೆ ಕಡಿಮೆ ಮಾಡದೆಯೇ ಆಕಾರ ಕೊಡುವ ಉಪಾಯವೊಂದಿದೆ: ಕಡ್ಡಿ ಬದಲಿಸುವುದು. ಡಿಕೆ ನೂಲಿನಲ್ಲಿ ಕೆಳಗಿನ ಮೂರನೇ ಒಂದು ಭಾಗ 4.5 ಮಿಮೀ, ನಡುವೆ 4 ಮಿಮೀ, ಮೇಲೆ 3.5 ಮಿಮೀ. ಕೆಳಗೆ ಕೊರಳ ಮೂಳೆಯ ಮೇಲೆ ಹರಡಿ ಕೂರುತ್ತದೆ, ಮೇಲೆ ಗದ್ದದ ಹತ್ತಿರ ಬಿಗಿಯಾಗುತ್ತದೆ. ನನ್ನ ಮಟ್ಟಿಗೆ ಅಂಗಡಿಯಲ್ಲಿ ಕೊಂಡ ಕೌಲ್‌ಗೂ ಕೈಯಲ್ಲಿ ಅಳತೆಗೆ ಹೆಣೆದ ಕೌಲ್‌ಗೂ ವ್ಯತ್ಯಾಸ ಕಾಣುವುದು ಇಲ್ಲೇ. ಹತ್ತಿಯಲ್ಲಿ ಮಾತ್ರ ಎಚ್ಚರ: ಮೇಲಿನ ಭಾಗವೂ ತಲೆ ದಾಟಬೇಕಲ್ಲ, ಅದು ಹಿಗ್ಗುವುದಿಲ್ಲ.

ಹೊಸ ಉಂಡೆ ಸೇರಿಸುವಾಗ ಗಂಟು ಹಾಕಬೇಡಿ, ಕುತ್ತಿಗೆಗೆ ತಾಗುತ್ತದೆ. ಸಾದಾ ಉಲ್ಲನ್ ಆದರೆ ಎರಡೂ ತುದಿಗಳನ್ನು ಬಿಡಿಸಿ, ಒಂದರ ಮೇಲೊಂದಿಟ್ಟು, ತೇವ ಮಾಡಿ ಅಂಗೈಗಳ ನಡುವೆ ಜೋರಾಗಿ ಉಜ್ಜಿದರೆ ಒಂದಾಗುತ್ತವೆ. ಸೂಪರ್‌ವಾಶ್, ಹತ್ತಿ, ಅಕ್ರಿಲಿಕ್‌ಗಳಲ್ಲಿ ಇದು ನಡೆಯದು. ಅವಕ್ಕೆ 15 ಸೆಂಮೀ ಬಾಲ ಬಿಟ್ಟು ಕೊನೆಗೆ ಹಿಂಬದಿಯಲ್ಲಿ ದಬ್ಬಣದಿಂದ ಪೋಣಿಸಿ. ರೇಷ್ಮೆ, ಬಿದಿರಿಗೆ 20 ಸೆಂಮೀ ಬಿಡಿ, ಒಗೆಯುವವರೆಗೆ ತುದಿ ಕತ್ತರಿಸಬೇಡಿ.

ಮೊಹೇರ್ ಹೆಣೆಯುವವರು ಪ್ರತಿ 5 ಸೆಂಮೀಗೆ ಒಂದು ಸುತ್ತಿನ ಕುಣಿಕೆಗಳೊಳಗೆ ನಯವಾದ ದಾರ ಹಾಯಿಸಿಡಿ. ತಪ್ಪಾದರೆ ಅಲ್ಲಿಯವರೆಗೆ ಮಾತ್ರ ಬಿಚ್ಚಿದರಾಯಿತು.

ಹಂತ 8: ಬೈಂಡ್ ಆಫ್

ಬೈಂಡ್ ಆಫ್ ಅಂದರೆ ಕುಣಿಕೆಗಳು ಬಿಚ್ಚಿಹೋಗದಂತೆ ಮುಚ್ಚಿ ಮುಗಿಸುವುದು. ಇಷ್ಟೆಲ್ಲ ಸರಿ ಮಾಡಿ ಕೊನೆಯ ಅಂಚನ್ನು ಬಿಗಿ ಮಾಡಿ ಕೆಡಿಸಿಕೊಳ್ಳುವುದು ಬಹಳ ಸಾಮಾನ್ಯ. ಸುತ್ತಳತೆಯ ನಾಲ್ಕರಷ್ಟು ನೂಲು ಉಳಿದಿರುವಾಗಲೇ ಶುರು ಮಾಡಿ, ಬಲಗೈಗೆ ಒಂದು ಅಳತೆ ದಪ್ಪ ಕಡ್ಡಿ ತೆಗೆದುಕೊಳ್ಳಿ.

ಎರಡು ಕುಣಿಕೆ ಹೆಣೆಯಿರಿ. ಎಡಗಡ್ಡಿಯನ್ನು ಆ ಎರಡರೊಳಗೂ ಮುಂದಿನಿಂದ ತೂರಿಸಿ, ಹಿಂಭಾಗದಿಂದ ಎರಡನ್ನೂ ಸೇರಿಸಿ ಒಂದಾಗಿ ಹೆಣೆಯಿರಿ. ಬಲಗಡ್ಡಿಯಲ್ಲಿ ಒಂದು ಉಳಿಯಿತು. ಇನ್ನೊಂದು ಹೆಣೆದು ಇದನ್ನೇ ಮುಂದುವರಿಸಿ. ರಿಬ್ ಇದ್ದರೆ ನಿಟ್ ಮೇಲೆ ನಿಟ್, ಪರ್ಲ್ ಮೇಲೆ ಪರ್ಲ್. ಇಪ್ಪತ್ತು ಕುಣಿಕೆ ಆದ ಮೇಲೆ ಅಂಚನ್ನು ಎಳೆದು ನೋಡಿ: ಕೆಳಗಿನ ಹೆಣಿಗೆಯಷ್ಟೇ ಹಿಗ್ಗಬೇಕು. ಹಿಗ್ಗದಿದ್ದರೆ ಅಲ್ಲಿಗೇ ಬಿಚ್ಚಿ.

ಹಂತ 9: ಒಗೆದು ಆಕಾರಕ್ಕೆ ತರುವುದು

ಉಗುರುಬೆಚ್ಚಗಿನ ನೀರಿನಲ್ಲಿ 20 ನಿಮಿಷ ನೆನೆಸಿ. ಹಿಂಡಬೇಡಿ, ತಿರುಚಬೇಡಿ. ಎರಡೂ ಕೈಯಿಂದ ಕೆಳಗಿನಿಂದ ಆಧಾರ ಕೊಟ್ಟು ಎತ್ತಿ, ಟವೆಲ್‌ನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ಮಟ್ಟಸವಾದ ಜಾಗದಲ್ಲಿ ಅಳತೆಗೆ ಸರಿಯಾಗಿ ಹರಡಿ. ಹಸಿಯಾಗಿದ್ದಾಗ ನೇತುಹಾಕಿದರೆ ಯಾವ ನೂಲೂ ಉದ್ದವಾಗುತ್ತದೆ. ರಿಬ್ ಕೌಲನ್ನು ಅಗಲಿಸಿ ಪಿನ್ ಹಾಕಿದರೆ ಅದರ ಕುಗ್ಗುವ ಶಕ್ತಿಯೇ ಹೋಗುತ್ತದೆ, ಸುಮ್ಮನೆ ಹರಡಿ ಬಿಡಿ.

ಅಕ್ರಿಲಿಕ್‌ಗೆ ಆಕಾರ ಕೊಡುವುದು ಹಬೆ. ಇಸ್ತ್ರಿಪೆಟ್ಟಿಗೆಯನ್ನು ತಾಗಿಸದೆ 2–3 ಸೆಂಮೀ ಮೇಲೆ ಹಿಡಿದು ಹಬೆ ಬಿಡಿ. ಮೊದಲು ಸ್ವಾಚ್ ಮೇಲೆ ಪ್ರಯತ್ನಿಸಿ, ಏಕೆಂದರೆ ಶಾಖ ಹೆಚ್ಚಾದರೆ ನೂಲು ಸೋತು ಜೋತುಬೀಳುತ್ತದೆ, ಮತ್ತೆ ಹಿಂದಿನಂತಾಗುವುದಿಲ್ಲ.

ಮುಗಿದ ಮೇಲೆ ತಪ್ಪು ಕಂಡರೆ

ಮೇಲಂಚು ಬಿಗಿ: ಬೈಂಡ್ ಆಫ್ ಮಾತ್ರ ಬಿಚ್ಚಿ ಮತ್ತೆ ಮಾಡಿ. ಕೌಲ್ ಸರಿಯಾಗಿಯೇ ಇರುತ್ತದೆ.

ಕೆಳಂಚು ಬಿಗಿ: ಕಾಸ್ಟ್ ಆನ್‌ನಿಂದ ಎರಡನೆಯ ಸುತ್ತಿನಲ್ಲಿ ಒಂದು ಕುಣಿಕೆ ಕತ್ತರಿಸಿ, ಆ ಸುತ್ತಿನ ನೂಲನ್ನು ದಬ್ಬಣದಿಂದ ಒಂದೊಂದಾಗಿ ಬಿಡಿಸುತ್ತಾ ಮೇಲಿನ ಕುಣಿಕೆಗಳನ್ನು ಸಣ್ಣ ಕಡ್ಡಿಗೆ ಎತ್ತಿಕೊಳ್ಳಿ. ಹೊಸ ನೂಲಿನಿಂದ ಸಡಿಲವಾಗಿ ಬೈಂಡ್ ಆಫ್ ಮಾಡಿ. ಕತ್ತರಿ ಹಿಡಿಯಲು ಎದೆ ಗಟ್ಟಿ ಬೇಕು, ಆದರೆ ಕೆಲಸ ಕೆಡುವುದಿಲ್ಲ. ಕುಣಿಕೆಗಳು ತಾವಾಗಿ ಓಡಿಹೋಗುವಷ್ಟು ಅವಸರದವಲ್ಲ. ಜಾರುವ ರೇಷ್ಮೆಯಲ್ಲಿ ಮಾತ್ರ ಮೊದಲು ಮೇಲಿನ ಸುತ್ತಿಗೆ ದಾರ ಹಾಯಿಸಿಕೊಳ್ಳಿ.

ಇಡೀ ಕೌಲ್ ಸಡಿಲ: ಮೇಲಿನ ಮೂರನೇ ಒಂದು ಭಾಗ ಬಿಚ್ಚಿ, ಎರಡು ಅಳತೆ ಸಣ್ಣ ಕಡ್ಡಿಯಲ್ಲಿ ರಿಬ್ ಹಾಕಿ ಮತ್ತೆ ಹೆಣೆಯಿರಿ. ಹತ್ತಿ, ಅಲ್ಪಾಕ ಆದರೆ ರಿಬ್ ಜೊತೆಗೆ ಕುಣಿಕೆಗಳನ್ನೂ ಹತ್ತರಲ್ಲೊಂದರಷ್ಟು ಕಡಿಮೆ ಮಾಡಿ, ತಲೆಯಲ್ಲಿ ಇಳಿಯುತ್ತದೆಯೇ ನೋಡಿಕೊಂಡು.

ಚುಚ್ಚುತ್ತಿದೆ: ಕೂದಲಿನ ಕಂಡೀಷನರ್ ಬೆರೆಸಿದ ನೀರಿನಲ್ಲಿ ನೆನೆಸಿ ತೊಳೆದರೆ ಸ್ವಲ್ಪ ಮೃದುವಾಗುತ್ತದೆ. ಸ್ವಲ್ಪ ಮಾತ್ರ. ನಿಜವಾಗಿ ಒರಟು ನೂಲಾದರೆ ಒಳಬದಿಗೆ ಹಿಗ್ಗುವ ಮೆತ್ತನೆ ಬಟ್ಟೆಯ ಅಸ್ತರಿ ಹೊಲಿಯುವುದೊಂದೇ ದಾರಿ.

ತಿರುಚಿಕೊಂಡಿದೆ: 120 ಸೆಂಮೀಗಿಂತ ಉದ್ದದ ಕೌಲ್ ಆದರೆ ಬಿಟ್ಟುಬಿಡಿ, ಒಂದು ತಿರುಚು ಇದ್ದರೆ ಎರಡು ಸುತ್ತು ಹಾಕಿಕೊಂಡಾಗ ಚೆನ್ನಾಗಿಯೇ ಕೂರುತ್ತದೆ, ಬೇಕೆಂದೇ ಹಾಗೆ ಹೆಣೆಯುವವರೂ ಇದ್ದಾರೆ. ಗಿಡ್ಡ ಕೌಲ್ ಆದರೆ ಗದ್ದದ ಕೆಳಗೆ ದಪ್ಪ ಮಡಿಕೆ ಬಂದು ಒತ್ತುತ್ತಲೇ ಇರುತ್ತದೆ; ಪೂರ್ತಿ ಬಿಚ್ಚಿ, ನೂಲನ್ನು ಲಡಿಯಾಗಿ ಸುತ್ತಿ ನೆನೆಸಿ ಒಣಗಿಸಿ, ಅದರ ಸುಕ್ಕು ಹೋದ ಮೇಲೆ ಹಂತ 5ರಿಂದ ಮತ್ತೆ ಶುರು ಮಾಡಿ.